ಹಳೆಯ ಹೆಸರಿನ ದಾರಿ

ಕುಂದಾಪುರದ ಕಾಲೇಜೊಂದರ ಗ್ರಂಥಪಾಲಕಿ ಚೇತನಾಗೆ ಬೆಳಿಗ್ಗೆ ಬಂದು ಬ್ಯಾಗು ಕೆಳಗಿಡುವಷ್ಟೂ ವ್ಯವಧಾನವಿಲ್ಲ. ರಾತ್ರಿ ಬೆಳಗಾಗುವುದರೊಳಗೆ ಯಾವ ಸಂಶೋಧನಾ ಇ-ಪತ್ರಿಕೆಯ ಲಿಂಕು ಕೆಟ್ಟಿದೆಯೋ ಎಂಬ ಚಿಂತೆ. ಕಂಪ್ಯೂಟರಿನ ಕ್ಯಾಟಲಾಗಿನಲ್ಲಿ ಒಂದೊಂದನ್ನೂ ಒತ್ತಿ ನೋಡುತ್ತಾಳೆ. ತೆರೆದರೆ "ಸಮ ಇತ್ತ್" ಎಂದು ತಲೆಯಾಡಿಸುತ್ತಾಳೆ. ತೆರೆಯದಿದ್ದರೆ ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಮತ್ತೆ ಮತ್ತೆ ಒತ್ತುತ್ತಾಳೆ. ಲಿಂಕು ಕೆಟ್ಟಿದೆಯೆಂದು ಅವಳು ಬರೆಯುವ ಇಮೇಲಿಗೆ ಲಂಡನ್ನಿನ ಪ್ರಕಾಶಕರೂ ಹೆದರುತ್ತಾರೆಂದು ಕಾಲೇಜಿನಲ್ಲಿ ಮಾತಿದೆ. ಯಾವುದಾದರೂ ಪತ್ರಿಕೆ ಹೆಸರು ಬದಲಿಸಿತೋ, ಕ್ಯಾಟಲಾಗಿನಲ್ಲಿ ಹಳೆಯ ಹೆಸರನ್ನು ಹೊಸದಕ್ಕೆ ಜೋಡಿಸುವ ತನಕ ಅವಳಿಗೆ ಊಟ ಸೇರುವುದಿಲ್ಲ. "ಸತ್ತ ಹೆಸ್ರ್ ಎಂತಕೆ ಮೇಡಂ, ಅಳ್ಸಿ ಬಿಡಿ" ಎಂದು ಉಪನ್ಯಾಸಕ ಜಿತೇಂದ್ರ ನಗುತ್ತಾನೆ. "ಹಳಿ ಹೆಸ್ರ್ ಹಿಡ್ಕಂಡ್ ಬಪ್ಪರಿಗೆ ದಾರಿ ಬೇಡ್ದಾ?" ಎನ್ನುತ್ತಾಳೆ ಅವಳು. ಹಾಗೆ ಬಂದವರು ಮಾತ್ರ ಯಾರೂ ಇರಲಿಲ್ಲ. ಈ ಮಳೆಗಾಲದಲ್ಲಿ ಗುಲ್ವಾಡಿಯ ನಿವೃತ್ತ ಮೇಷ್ಟ್ರು ಗೋವರ್ಧನ ಬಂದರು. ಪ್ರಾಯದಲ್ಲಿ ಅವರು ಹೊಳೆಯ ಚಿಪ್ಪುಗಳ ಬಗ್ಗೆ ಒಂದೇ ಒಂದು ಲೇಖನ ಬರೆದಿದ್ದರು. ಅದು ಅಚ್ಚಾಗಿದ್ದ ಪತ್ರಿಕೆಯನ್ನು ಕೇಳಿದರೆ, ಅಂಥ ಹೆಸರಿನ ಪತ್ರಿಕೆಯೇ ಇಲ್ಲವೆಂದು ಹೋದಲ್ಲೆಲ್ಲ ಹೇಳಿ ಕಳಿಸಿದ್ದರಂತೆ. ಚೇತನಾ ಹಳೆಯ ಹೆಸರನ್ನು ಟೈಪ್ ಮಾಡಿದಳು. ಹೊಸ ಹೆಸರು ಬಂತು, ಅದರೊಳಗೆ ಲೇಖನವೂ ಸಿಕ್ಕಿತು. ಮೇಷ್ಟ್ರು ಪರದೆಯ ಮೇಲಿನ ತಮ್ಮ ಹೆಸರನ್ನು ಬೆರಳಿನಿಂದ ಮುಟ್ಟಿ, "ನಾನ್ ಬರ್ದದ್ ಅಂದ್ರೆ ಮನಿಯಂಗೆ ಯಾರೂ ನಂಬ್ತಿರ್ಲಿಲ್ಲೆ ಕಾಣಿ" ಎಂದರು. ಸಾವಿರಾರು ಲೇಖನಗಳ ಬಾಗಿಲು ತೆರೆದು ನೋಡಿದ್ದ ಚೇತನಾ ಅದುವರೆಗೆ ಒಂದನ್ನೂ ಕೂತು ಓದಿದವಳಲ್ಲ. "ಕೂಕಣಿ ಮೇಷ್ಟ್ರೆ, ನಾನ್ ಓದ್ತೆ" ಎಂದು ಕುರ್ಚಿ ಎಳೆದುಕೊಟ್ಟು, ಮೌನ ಕಾಪಾಡಿ ಎಂಬ ಫಲಕದ ಕೆಳಗೇ ಕೊನೆಯ ಸಾಲಿನವರೆಗೂ ಗಟ್ಟಿಯಾಗಿ ಓದಿದಳು.