ತೂಬಿರುವ ವಾಚು

ಕಳೆದ ಸೋಮವಾರ ಬೆಳಿಗ್ಗೆ ಹಳೆಯ ಗೆಳೆಯ ಗುರುನಾಥರು ನನ್ನ ಮೊಬೈಲಿಗೆ ಒಂದು ಚಿತ್ರ ಕಳಿಸಿದರು. ಕಪ್ಪು ಹಿನ್ನೆಲೆಯಲ್ಲಿ ಒಂದು ವಾಚಿನ ಅಂಚು ಮಾತ್ರ ಮಿಂಚುತ್ತಿದೆ. ನೀರಿನಾಳಕ್ಕೆ ಇಳಿಯುವವರಿಗೆಂದು ದೂರದೇಶದ ಕಂಪನಿಯೊಂದು ಮಾಡುತ್ತಿರುವ ದುಬಾರಿ ವಾಚು. ಇನ್ನೂ ಮಾರಾಟಕ್ಕೆ ಬಂದಿಲ್ಲ. ಕೆಳಗೆ ಅವರದೇ ಒಂದು ಸಾಲು: 'ಎಡಕ್ಕ ತೂಬು ಐತೋ ಇಲ್ಲೋ, ನೋಡಿ ಹೇಳ್ರಿ.'

ಕೆರೆಕಟ್ಟೆಯ ನೀರು ಬಿಡುವ ತೂಬು ವಾಚಿಗೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಅದಕ್ಕೆ ಎಂಬತ್ತರ ದಶಕದ ನಡುಭಾಗಕ್ಕೆ ಹೋಗಬೇಕು. ನಾನಾಗ ಹೊಸಪೇಟೆಯಲ್ಲಿ ಪತ್ರಿಕೆಯೊಂದರ ವರದಿಗಾರ. ಡ್ಯಾಮಿನ ನೀರಿನ ಮಟ್ಟ, ಕಾಲುವೆಗೆ ನೀರು ಬಿಟ್ಟ ಸುದ್ದಿ, ಕಮಲಾಪುರದ ಬಾಳೆಯ ದರ ಇಷ್ಟನ್ನು ಬರೆದು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ನನ್ನ ದಿನ ಮುಗಿಯಿತು. ಕಂಡದ್ದನ್ನು ಬರೆ, ಊಹೆಯನ್ನು ಬರೆಯಬೇಡ ಎಂದು ಕಲಿತವನು ನಾನು. ಹಾಗಿದ್ದೂ ಭಾನುವಾರ ಬೆಳಿಗ್ಗೆ ಊಹೆ ಬಿಟ್ಟರೆ ಬೇರೇನೂ ಇಲ್ಲದ ಒಂದು ಗುಂಪಿನಲ್ಲಿ ನನಗೆ ಖಾಯಂ ಜಾಗವಿತ್ತು.

ಆ ಗುಂಪು ಸೇರುತ್ತಿದ್ದುದು ಬಸವರಾಜನ ವಾಚ್ ರಿಪೇರಿ ಅಂಗಡಿಯಲ್ಲಿ. ಕಂಪ್ಲಿಯ ರೈಸ್‌ಮಿಲ್ ಸಾಹುಕಾರರೊಬ್ಬರಿಗೆ ವಾಚುಗಳ ಹುಚ್ಚು. ಇಂಗ್ಲಿಷ್ ಮ್ಯಾಗಜಿನ್ನಿನ ಒಂದು ಹಾಳೆಯನ್ನು ಅವರು ಹರಿದು ತಂದಿದ್ದರು. ಅದರಲ್ಲಿ ಬರಲಿರುವ ಒಂದು ವಾಚಿನ ನೆರಳಷ್ಟೇ ಇತ್ತು, ಜೊತೆಗೆ ಎಷ್ಟು ಆಳಕ್ಕೆ ಇಳಿದರೂ ನೀರು ಹೊಗದು ಎಂಬ ಭರವಸೆ. ಅದನ್ನು ತರಿಸಿಕೊಡಲು ಸಾಹುಕಾರರು ಬೊಂಬಾಯಿಯ ಪರಿಚಯಸ್ಥರಿಗೆ ಆಗಲೇ ಹೇಳಿಟ್ಟಿದ್ದರು. ಅವರಿಗೆ ಈಜು ಬರುತ್ತಿರಲಿಲ್ಲ. ಹೊಳೆಯಲ್ಲಿ ಮೊಣಕಾಲು ಮುಳುಗಿದರೆ ದೇವರ ಹೆಸರು ಹೇಳುವವರು.

ನೆರಳಿನ ಎಡಬದಿಯಲ್ಲಿ ಒಂದು ಚುಕ್ಕೆ ಇತ್ತು. ಬಸವರಾಜ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ, ಅಚ್ಚಿನ ಮಸಿ ಬಿದ್ದಿದೆ ಎಂದ. ಗುರುನಾಥರು ಒಪ್ಪಲಿಲ್ಲ. ಅವರು ಕಾಲುವೆಯ ಓವರ್‌ಸಿಯರ್. ನೀರು ನಿಲ್ಲಿಸುವ ಯಾವುದೇ ಕಟ್ಟಡಕ್ಕೆ ನೀರು ಬಿಡುವ ದಾರಿ ಇರಲೇಬೇಕೆಂದು ನಂಬಿದವರು. ಸೀಮೆಸುಣ್ಣದಲ್ಲಿ ಅಂಗಡಿಯ ಹಲಗೆಯ ಮೇಲೆ ವಾಚನ್ನು ಡ್ಯಾಮಿನ ನಕ್ಷೆಯಂತೆ ಬರೆದರು. ಗಾಜು ಅಂದರೆ ಗೋಡೆ, ಒಳಗಿನ ಯಂತ್ರ ಅಂದರೆ ಪವರ್‌ಹೌಸು, ಎಡಕ್ಕಿರುವುದು ತೂಬು. ತಪ್ಪಿ ಹೊಕ್ಕ ನೀರು ಅಲ್ಲಿಂದ ಹೊರಗೆ. 'ಹಂಗಾದ್ರ ಒಳಗ ಮೀನೂ ಸಾಕ್ಬೋದೇನ್ರಿ' ಎಂದ ಬಸವರಾಜ. ನಾನು ತಾರೀಖು ಕಾಣುವ ಕಿಂಡಿ ಇರಲೇಬೇಕೆಂದು ಹಟ ಹಿಡಿದಿದ್ದೆ. ನೀರಿನಡಿಯಲ್ಲಿ ತಾರೀಖು ಯಾರಿಗೆ ಬೇಕೆಂದು ಯೋಚಿಸಿರಲಿಲ್ಲ.

ನಮ್ಮಲ್ಲಿ ನೀರಿನಡಿಗೆ ಹೋಗಿ ಬಂದವನು ಹುಲುಗಪ್ಪ ಒಬ್ಬನೇ. ಗೇಟುಗಳ ಮುಂದಿನ ಕಂಬಿ ಜಾಲರಿಗೆ ಮರದ ದಿಮ್ಮಿ ಸಿಕ್ಕಿಕೊಂಡರೆ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಅವನು ಇಳಿಯುತ್ತಿದ್ದ. ಸೊಂಟಕ್ಕೊಂದು ಹಗ್ಗ. ಅದರ ಇನ್ನೊಂದು ತುದಿ ಮೇಲೆ ಹರಿಗೋಲಿನಲ್ಲಿ ಕುಳಿತ ಈರಣ್ಣನ ಕೈಯಲ್ಲಿ. ಈರಣ್ಣ ಹುಲುಗಪ್ಪನ ಹೆಂಡತಿಯ ತಮ್ಮ. ಆ ಮನೆತನದಲ್ಲಿ ಮುಳುಗುವವನ ಹಗ್ಗವನ್ನು ಹೆಂಡತಿಯ ಒಡಹುಟ್ಟಿದವನೇ ಹಿಡಿಯಬೇಕು. ಅಕ್ಕನ ತಾಳಿ ಆ ಹಗ್ಗದ ತುದಿಯಲ್ಲಿರುವಾಗ ಅವನ ಕೈ ಸಡಿಲವಾಗದು ಎಂಬುದು ಹಿರಿಯರ ಲೆಕ್ಕ. ಗಾಳಿ ಮುಗಿಯುವ ಹೊತ್ತನ್ನು ಈರಣ್ಣ ಅಂದಾಜಿನಲ್ಲಿ ಹಿಡಿದು ಹಗ್ಗ ಜಗ್ಗುತ್ತಿದ್ದ. ಹುಲುಗಪ್ಪ ಮೇಲೆ ಬರುತ್ತಿದ್ದ.

ವಾಚು ಬಂದ ಮೇಲೆ ಹೊತ್ತನ್ನು ಹುಲುಗಪ್ಪನೇ ನೋಡಿಕೊಳ್ಳಬಹುದು, ಹಗ್ಗಕ್ಕೊಂದು ಆಳು ಯಾಕೆ ಎಂದು ಗುರುನಾಥರು ಒಂದು ಭಾನುವಾರ ಸಹಜವಾಗಿಯೇ ಹೇಳಿದರು. ವಾಚು ಬಂದರೆ ಮೊದಲು ಹುಲುಗಪ್ಪನೇ ಕಟ್ಟಿಕೊಂಡು ಇಳಿಯಲಿ ಎಂದು ಸಾಹುಕಾರರೂ ಉತ್ಸಾಹದಲ್ಲಿ ಮಾತು ಕೊಟ್ಟುಬಿಟ್ಟರು. ಬಾಗಿಲ ಬಳಿ ಕುಳಿತಿದ್ದ ಈರಣ್ಣ ಅದುವರೆಗೆ ನಮ್ಮ ಚರ್ಚೆಯಲ್ಲಿ ಬಾಯಿ ಹಾಕಿದವನಲ್ಲ. ಅಂದು ಕೇಳಿದ: 'ಅದಕ್ಕ ಜಗ್ಗಾಕ ಬರ್ತೈತೇನ್ರಿ?'

ಬಸವರಾಜ ನಕ್ಕ. ಉಳಿದವರು ಮತ್ತೆ ಹಲಗೆಯ ಚಿತ್ರಕ್ಕೆ ತಿರುಗಿದೆವು.

ಮರುವರ್ಷ ಬೇಸಿಗೆಯಲ್ಲಿ ವಾಚು ಬಂತು. ಬಸವರಾಜ ಕೈ ತೊಳೆದುಕೊಂಡು ಬಂದು ಡಬ್ಬಿ ತೆರೆದ. ನಮ್ಮ ಊಹೆಗಿಂತ ಸರಳವಾಗಿತ್ತು, ಊಹೆಗಿಂತ ಭಾರವಾಗಿತ್ತು. ನೀರಿಗಿಳಿದ ಹೊತ್ತನ್ನು ಗುರುತಿಡುವ ಅಂಚಿನ ಬಳೆಯನ್ನು ತಿರುಗಿಸಿದಾಗ ಟಿಕ್ ಟಿಕ್ ಎಂದು ಒಂದೇ ದಿಕ್ಕಿಗೆ ಸರಿಯಿತು; ಹಿಂದಕ್ಕೆ ಬರಲಿಲ್ಲ. ಬಸವರಾಜ ಹಾಡುಹಗಲಲ್ಲಿ ಅಂಗಡಿಯ ಷಟರ್ ಎಳೆದ. ಕತ್ತಲೆಯಲ್ಲಿ ಹಸಿರು ಮುಳ್ಳುಗಳು ತೇಲಿದವು. ಹಂಪಿಯ ಕಲ್ಲುಗಳ ಮುಂದೆ ಪರಊರಿನವರು ಮಾತಿಲ್ಲದೆ ನಿಲ್ಲುವುದನ್ನು ಎಷ್ಟೋ ಸಲ ಕಂಡಿದ್ದೆ. ನಾನೇ ಹಾಗೆ ನಿಂತದ್ದು ಆ ಅಂಗಡಿಯಲ್ಲಿ.

ಎಡಕ್ಕೆ ಪುಟ್ಟದೊಂದು ತೂಬು ನಿಜಕ್ಕೂ ಇತ್ತು. ಜೊತೆಗಿದ್ದ ಪುಸ್ತಿಕೆಯನ್ನು ನಾನು ಓದಿ ಹೇಳಿದೆ: ಅದು ನೀರಿಗಲ್ಲ, ಬಹಳ ಆಳದಲ್ಲಿ ಒಳಸೇರುವ ಗಾಳಿ ಹೊರಹೋಗಲು. ಗುರುನಾಥರು, ಏನಾದರೇನು, ತೂಬು ತೂಬೇ ಎಂದರು.

ಆ ವಾರವೇ ಜಾಲರಿಗೆ ದಿಮ್ಮಿಯೊಂದು ಸಿಕ್ಕಿತು. ಅದನ್ನು ತೆಗೆಯದೆ ಕಾಲುವೆಗೆ ನೀರು ಬಿಡುವಂತಿರಲಿಲ್ಲ. ನಾವೆಲ್ಲ ಡ್ಯಾಮಿಗೆ ಹೋದೆವು. ಸಾಹುಕಾರರು ತಾವೇ ಹುಲುಗಪ್ಪನ ಕೈಗೆ ವಾಚು ಕಟ್ಟಿ, ಖಾಲಿ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನಿಂತರು. ಗುರುನಾಥರು ತಾವೂ ಹರಿಗೋಲು ಹತ್ತಿ, ಇವತ್ತು ಹಗ್ಗವಿಲ್ಲದೆ ನೋಡೋಣ ಎಂದರು. ಈರಣ್ಣ ಹಗ್ಗದ ಸುರುಳಿಯನ್ನು ಹರಿಗೋಲಿನಲ್ಲಿ ಕೆಳಗಿಟ್ಟು ಕೈಕಟ್ಟಿ ಕುಳಿತ. ಅವನ ಮುಖ ನೋಡಲಾಗಲಿಲ್ಲ.

ಹುಲುಗಪ್ಪ ಬಳೆ ತಿರುಗಿಸಿದ. ಒಮ್ಮೆ ನೀರು ನೋಡಿದ, ಒಮ್ಮೆ ವಾಚು ನೋಡಿದ. ಆಮೇಲೆ ಪಟ್ಟಿ ಬಿಚ್ಚಿ ಈರಣ್ಣನ ಮಣಿಕಟ್ಟಿಗೆ ಕಟ್ಟಿದ.

'ಹೊತ್ತು ನೀ ನೋಡ್ಲೇ. ನನಗ ಕೆಳಗ ಎರಡೂ ಕೈ ಬೇಕು.'

'ಇದು ನನಗ ಓದಾಕ ಬರಂಗಿಲ್ಲ ಬಾವಾ' ಎಂದ ಈರಣ್ಣ.

'ಹಂಗಾರ ದಿನಾ ಹೆಂಗ ಜಗ್ತೀಯೋ ಹಂಗ ಜಗ್ಗು.'

ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದ. ಈರಣ್ಣ ಒಮ್ಮೆಯೂ ಮಣಿಕಟ್ಟು ನೋಡಲಿಲ್ಲ, ಹಗ್ಗವನ್ನಷ್ಟೇ ನೋಡಿದ. ಅವನು ಜಗ್ಗಿದಾಗ ಗುರುನಾಥರು ಬಗ್ಗಿ ವಾಚಿನ ಬಳೆ ನೋಡಿದರು; ಮುಳ್ಳು ಸರಿಯಾಗಿ ಗಾಳಿ ಮುಗಿಯುವ ಹೊತ್ತಿಗೆ ಬಂದಿತ್ತು. ಹುಲುಗಪ್ಪ ಮೇಲೆ ಬಂದ. ಅವನ ಹಿಂದೆ ದಿಮ್ಮಿ ತೇಲಿತು. ಮರುದಿನ ಪತ್ರಿಕೆಗೆ ನಾನು ಕಳಿಸಿದ್ದು ಒಂದೇ ಸಾಲು: ಗೇಟಿನ ಅಡಚಣೆ ತೆರವಾಗಿದೆ.

ಮೊಬೈಲಿನ ಚಿತ್ರವನ್ನು ಮತ್ತೊಮ್ಮೆ ತೆರೆದೆ. ಈ ಸಲ ನನ್ನ ಕಣ್ಣು ಪಟ್ಟಿಯ ಕಡೆ ಹೋಯಿತು, ಎಂಥ ಮಣಿಕಟ್ಟಿಗೆ ಹೊಂದಬಹುದೆಂದು. ತೂಬಿನ ಮಾತು ಬಿಟ್ಟು ಗುರುನಾಥರಿಗೆ ಅದನ್ನೇ ಬರೆದೆ.

ಹುಲುಗಪ್ಪ ನಿವೃತ್ತನಾಗುವವರೆಗೂ ಮುಳುಗಿದ. ಹಗ್ಗ ಪ್ರತಿ ಸಲವೂ ಈರಣ್ಣನ ಕೈಯಲ್ಲಿತ್ತು. ವಾಚು ಈಗ ಕಂಪ್ಲಿಯಲ್ಲಿ ಸಾಹುಕಾರರ ಮಗಳ ಬಳಿ ಇದೆ. ಇದುವರೆಗೆ ನೀರಿಗೆ ಇಳಿದಿಲ್ಲ.