ಅಳಿಯನ ಕಂಪನಿಗೆ ಅರವತ್ತು ಪಾಲು

ಅರಸೀಕೆರೆಯ ಕೊಬ್ಬರಿ ವರ್ತಕ ಜಯದೇವಪ್ಪನವರು ಕಾಯಿ ಅಲ್ಲಾಡಿಸಿ, ಸದ್ದಿನಲ್ಲೇ ಒಳಗೆ ಕೊಬ್ಬರಿಯಾಗಿದೆಯೇ ಎಂದು ಹೇಳಬಲ್ಲವರು. ಆ ಬುದ್ಧಿಯನ್ನೆಲ್ಲ ಅಂಗಡಿಯಲ್ಲೇ ಬಿಟ್ಟು ಮನೆಗೆ ಬರುತ್ತಾರೆ ಎಂಬುದು ಹೆಂಡತಿ ಸುವರ್ಣಮ್ಮನವರ ಅಭಿಪ್ರಾಯ.

ತವರಿನ ತೋಟದ ಪಾಲಿನಿಂದ ಸುವರ್ಣಮ್ಮನವರಿಗೆ ನಾಲ್ಕು ಲಕ್ಷ ಬಂದಿತ್ತು. ಮುಂದೆ ಮೊಣಕಾಲಿನ ಆಪರೇಷನ್‌ಗೆಂದು ಎತ್ತಿಟ್ಟ ಹಣ. ಅಲ್ಲಿಯವರೆಗೆ ಅದು ಬೆಳೆಯಲೆಂದು ಜಯದೇವಪ್ಪ ಹೆಂಡತಿಯ ಹೆಸರಿನಲ್ಲಿ ಖಾತೆ ತೆರೆಸಿ, ಟೆಕ್ನಾಲಜಿ ಕಂಪನಿಗಳ ಷೇರು ಕೊಳ್ಳಲು ಕೂತರು. ಲಾಭ, ಸಾಲ ಯಾವುದನ್ನೂ ನೋಡಲಿಲ್ಲ. ಮದುವೆ ಪತ್ರಿಕೆ ಹಂಚುವ ಕ್ರಮದಲ್ಲೇ ಚೀಟಿಯ ಮೇಲೆ ಪಾಲು ಹಂಚಿದರು, ಕೊಳ್ಳುವುದೊಂದು ಬಾಕಿ. ಅಳಿಯ ಶಶಿಧರ್ ಕೆಲಸ ಮಾಡುವ ಕಂಪನಿಗೆ ನೂರಕ್ಕೆ ಅರವತ್ತು. ಷಡ್ಡಕನ ಮಗ ಇರುವಲ್ಲಿಗೆ ಇಪ್ಪತ್ತೈದು. ತಮ್ಮ ಮಠದ ಹಾಸ್ಟೆಲಿನಲ್ಲಿ ಓದಿದ ಹುಡುಗನೊಬ್ಬ ಇರುವಲ್ಲಿಗೆ ಹದಿನೈದು.

“ನಾಲ್ಕನೇದೊಂದು ಕಂಪನಿ ಚೆನ್ನಾಗೈತೆ ಅಂತ ನೀವೇ ಅಂದ್ರಲ್ರೀ?”

“ಚೆನ್ನಾಗೈತೆ. ನಮ್ಮೋರು ಯಾರವ್ರೆ ಅಲ್ಲಿ?”

“ಅಳಿಯಂದಿರ ಕಡೆಗೆ ಅರವತ್ತು ಜಾಸ್ತಿ ಆಗ್ಲಿಲ್ವಾ?”

“ಕಮ್ಮಿ ಮಾಡಿದ್ರೆ ಬೀಗರು ಏನಂದ್ಕೊತಾರೆ ಕಣೇ?”

ಜಾವಗಲ್ಲಿನ ಬೀಗರಿಗೆ ಈ ಸುದ್ದಿ ತಿಳಿಯುವ ದಾರಿಯೇ ಇರಲಿಲ್ಲ, ಜಯದೇವಪ್ಪನವರೇ ಫೋನ್ ಮಾಡಿ ಹೇಳದಿದ್ದರೆ. ಹೇಳಿಬಿಟ್ಟಿದ್ದರು.

ಭಾನುವಾರ ಇವರ ಮಗಳೊಂದಿಗೆ ಊಟಕ್ಕೆ ಬಂದ ಶಶಿಧರ್ ಹೋಳಿಗೆ ಮುರಿಯುತ್ತ ಹೇಳಿದ: “ಮಾವ, ಆ ಕಂಪನಿ ಬಿಟ್ಟೆ. ಬೇರೆ ಕಡೆ ಸಿಕ್ಕಿದೆ.”

ಜಯದೇವಪ್ಪ ತುಪ್ಪ ಬಡಿಸುವುದನ್ನು ನಿಲ್ಲಿಸಿದರು. “ಹೊಸದರ ಹೆಸರು ಹೇಳಿ ಅಳಿಯಂದ್ರೇ, ಅರವತ್ತೂ ಅಲ್ಲಿಗೇ ಹಾಕ್ತೀನಿ!”

“ಅಯ್ಯೋ, ನನ್ನ ದುಡ್ಡನ್ನೇ ಅಲ್ಲಿ ಹಾಕಲ್ಲ ಮಾವ. ಸಂಬಳವೂ ಅಲ್ಲೇ, ಉಳಿತಾಯವೂ ಅಲ್ಲೇ ಆದ್ರೆ ಎರಡೂ ಒಟ್ಟಿಗೆ ಮುಳುಗ್ತವೆ.”

“ಸಂಕೋಚ ಕಣೇ ಅವರಿಗೆ,” ಎಂದು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದರು ಜಯದೇವಪ್ಪ.

ಅಳಿಯ, ಮಗಳು ಹೊರಟ ಮೇಲೆ ಕನ್ನಡಕ ಏರಿಸಿ, ಮಗಳಿಂದ ಕೇಳಿಟ್ಟುಕೊಂಡ ಹೊಸ ಕಂಪನಿಯ ಹೆಸರನ್ನು ತಮ್ಮ ಫೋನಿನಲ್ಲಿ ಒತ್ತಿದರು. ಷೇರು ಕೊಳ್ಳಲು ಬೇಕಾದ ಓಟಿಪಿ ಸುವರ್ಣಮ್ಮನವರ ಫೋನಿಗೆ ಬಂತು.

“ಹೇಳೇ ಬೇಗ.”

ಸುವರ್ಣಮ್ಮ ಫೋನನ್ನು ಮಡಿಲಲ್ಲಿ ಕವುಚಿಟ್ಟುಕೊಂಡರು. “ಅಟ್ಟದ ಮೇಲೆ ಕಾಯಿ ಹಾಕೋವಾಗ ಆಳುಗಳಿಗೆ ಏನಂತ ಕೂಗ್ತೀರಿ?”

“ಒಂದೇ ತೊಲೆ ಮೇಲೆ ಗುಡ್ಡೆ ಹಾಕ್ಬೇಡ್ರಲಾ, ಅಟ್ಟ ಕುಸೀತದೆ ಅಂತ.”

“ನನ್ನ ಕಾಲು ನಿಮ್ಮ ಅಟ್ಟಕ್ಕಿಂತ ಕಡೆಯೇನ್ರೀ? ಅರ್ಧ ದುಡ್ಡು ಬ್ಯಾಂಕಲ್ಲೇ ಇರಲಿ. ಇನ್ನರ್ಧ ಮೊದಲು ಹೇಳಿದ ನಾಲ್ಕಕ್ಕೂ ಸಮ. ಬೀಗರು ಕೇಳಿದ್ರೆ ನನ್ನ ಹೆಸರು ಹೇಳಿ.”

ಜಯದೇವಪ್ಪ ಹೊಸ ಹೆಸರು ಅಳಿಸಿದರು. ಆಮೇಲೆ ಸುವರ್ಣಮ್ಮ ಒಂದೊಂದೇ ಅಂಕಿ ಓದಿ ಹೇಳಿದರು.

ನಾಲ್ಕನೇ ಕಂಪನಿಗೆ ಬಂದಾಗ ಜಯದೇವಪ್ಪನವರ ಬೆರಳು ನಿಂತಿತು.

“ಅಲ್ಲಿ ಯಾರನ್ನಾದ್ರೂ ಪರಿಚಯ ಮಾಡ್ಕೋಬೇಕು ಕಣೇ,” ಎಂದರು.