ಶರಣಪ್ಪ ಅಳಿಸಿದ ಕರಕರ

ಎರಡು ವರ್ಷದ ಹಿಂದಿನ ಮಾತು. ಸೇಡಂನ ಶಾಲೆಯಿಂದ ಆಗಷ್ಟೇ ನಿವೃತ್ತಳಾಗಿದ್ದೆ. ಇನ್ನು ಸ್ವಲ್ಪ ದಿನ ಕಾಲು ಚಾಚಿ ಕೂರೋಣ ಎಂದುಕೊಂಡರೆ, ನಮ್ಮ ಮನೆಯವರಿಗೆ ಅರವತ್ತಾರನೇ ವಯಸ್ಸಿನಲ್ಲಿ ಆಲ್ಬಂ ಮಾಡುವ ಹುಚ್ಚು ಹಿಡಿಯಿತು.

ಇವರು ಸಿಮೆಂಟ್ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದವರು. ಆದರೆ ಇವರ ಊರು ವಾಡಿಯಲ್ಲಿ ಹಳಬರನ್ನು ಕೇಳಿದರೆ ಫ್ಯಾಕ್ಟರಿಯ ಮಾತೇ ಬರುವುದಿಲ್ಲ, ಗಿಟಾರ್ ಎಂದೇ ಶುರುಮಾಡುತ್ತಾರೆ. ಹರೆಯದಲ್ಲಿ ರೈಲ್ವೆ ಕಾಲೊನಿಯ ಗೆಳೆಯರೊಂದಿಗೆ ರಾಕ್ ಬ್ಯಾಂಡ್ ಕಟ್ಟಿ ಸಿಕಂದರಾಬಾದ್, ಸೊಲ್ಲಾಪುರದ ತನಕ ಹೋಗಿ ನುಡಿಸಿದವರು. ಎರಡು ಕ್ಯಾಸೆಟ್ ಕೂಡ ಬಂದಿದ್ದವು. ಬ್ಯಾಂಡಿನವರೆಲ್ಲ ಒಬ್ಬೊಬ್ಬರಾಗಿ ಬಿಟ್ಟರು, ಇವರು ಮಾತ್ರ ಬಿಡಲಿಲ್ಲ. ಕಾಲಿನಿಂದ ಒಂದು ಸಣ್ಣ ಪೆಟ್ಟಿಗೆ ಒತ್ತಿದರೆ ಗಿಟಾರಿನ ದನಿ ಹರಿದುಕೊಂಡು ಕರಕರ ಎನ್ನುತ್ತದೆ. ರಾಕ್ ಸಂಗೀತದ ಜೀವವೇ ಅದಂತೆ. ಮೂವತ್ತೆಂಟು ವರ್ಷ ಆ ಕರಕರದ ಪಕ್ಕದಲ್ಲೇ ಕೂತು ಉತ್ತರಪತ್ರಿಕೆ ತಿದ್ದಿದ್ದೇನೆ. ನನ್ನ ತಲೆನೋವಿಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಆಲ್ಬಮ್ಮಿಗೆ ಅವಸರವೂ ಇತ್ತು. ಎಡಗೈಯ ಉಂಗುರ ಬೆರಳು ಮಡಚಿದರೆ ಹಾಗೆಯೇ ಸಿಕ್ಕಿಕೊಳ್ಳುತ್ತಿತ್ತು. ಬಲಗೈಯಿಂದ ಎಳೆದು ಬಿಡಿಸಬೇಕಿತ್ತು. ಕಲಬುರಗಿಯ ಡಾಕ್ಟರು ಆಪರೇಷನ್ನಿಗೆ ಸೋಮವಾರ ಬರಹೇಳಿದರು. "ಆಮ್ಯಾಲ ಗಿಟಾರ್ ಬಾರಸ್ಬಹುದಲ್ರೀ?" ಎಂದು ಇವರು ಕೇಳಿದ್ದಕ್ಕೆ, "ಭಾಳ ತಡಾ ಮಾಡೀರಿ. ಗ್ಯಾರಂಟಿ ಕೊಡ್ಲಿಕ್ಕಾಗಲ್ಲ" ಎಂದುಬಿಟ್ಟರು.

ಉಳಿದದ್ದು ಒಂದು ವಾರ. ಮಾಡಿಟ್ಟುಕೊಂಡಿದ್ದ ಸ್ವಂತ ಹಾಡು ಎಂಟು. ಹೈದರಾಬಾದಿನ ಸ್ಟುಡಿಯೋದಲ್ಲಿ ಆ ವಾರ ಜಾಗವಿರಲಿಲ್ಲ. ಶಹಾಬಾದಿನ ಶರಣಪ್ಪನದು ಖಾಲಿ ಇತ್ತು. ಅವನು ಭಜನೆ, ತತ್ವಪದ ಬಿಟ್ಟು ಬೇರೇನೂ ರೆಕಾರ್ಡ್ ಮಾಡಿದವನಲ್ಲ.

"ಅಲ್ರೀ, ಭಜನಿ ಮಾಡ್ಸಾಂವಗ ನಿಮ್ಮ ಈ ಗದ್ದಲ ಏನ್ ತಿಳೀತದ?" ಎಂದೆ.

"ಮೈಕ್ ಎಲ್ಲಾರಿಗೂ ಒಂದೇ ಬಿಡು" ಎಂದರು.

ನಾಲ್ಕು ದಿನ ಸೇಡಂನಿಂದ ಶಹಾಬಾದಿಗೆ ರೈಲಿನಲ್ಲಿ ಹೋಗಿ ಬಂದೆವು. ಗಿಟಾರ್ ಅವರ ಹೆಗಲಿಗೆ, ಕಲ್ಲಿನಂಥ ಭಾರದ ಸ್ಪೀಕರ್ ಪೆಟ್ಟಿಗೆ ನನ್ನ ತೊಡೆಗೆ. ಚಿತ್ತಾಪುರದಲ್ಲಿ ಹತ್ತಿದ ಹೆಂಗಸೊಬ್ಬಳು, "ಅಕ್ಕೋರೆ, ಏನರೆ ರಿಪೇರಿಗಿ ಒಯ್ಲಿಕತ್ತೀರೇನ್ರಿ?" ಎಂದು ಕೇಳಿದಳು. "ಹೌದವ್ವಾ, ಇವರ ತಲಿ" ಎಂದೆ. ಇವರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು.

ಸ್ಟುಡಿಯೋ ಎಂದರೆ ಗೋಡೆಗೆ ಕೌದಿ ತೂಗಿಹಾಕಿದ ಒಂದು ಕೋಣೆ. ಸಪ್ಪಳ ಬರುತ್ತದೆಂದು ಫ್ಯಾನ್ ಬಂದ್. ಬೆರಳು ಸಿಕ್ಕಿಕೊಂಡಾಗಲೆಲ್ಲ ಇವರು ಎಳೆದು, ಹಲ್ಲು ಕಚ್ಚಿ, ಮತ್ತೆ ಮೊದಲಿನಿಂದ ನುಡಿಸುತ್ತಿದ್ದರು. ನಾಲ್ಕನೇ ದಿನ ಎಂಟೂ ಹಾಡು ಮುಗಿದವು. ಸ್ಟೇಷನ್ ಹತ್ತಿರ ಎರಡು ಪ್ಲೇಟ್ ಮಂಡಕ್ಕಿ ಸುಸಲಾ ತಿಂದು, "ಇನ್ನ ಬೆರಳ ಏನರೆ ಆಗ್ಲಿ" ಎಂದು ನಕ್ಕರು. ಅಷ್ಟು ನಿರಾಳವಾಗಿ ನಕ್ಕಿದ್ದನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು.

ಒಂದು ದಿನ ಬಿಟ್ಟು ಶನಿವಾರ ಬೆಳಿಗ್ಗೆ ಹಾಡನ್ನೂ ಅಲ್ಲೇ ಬಿಟ್ಟು ಬಂದಿದ್ದ ಗಿಟಾರ್, ಪೆಟ್ಟಿಗೆಗಳನ್ನೂ ತರಲು ಹೋದೆವು. ಶರಣಪ್ಪ ಖುಷಿಯಿಂದ ಎದುರಿಗೇ ಬಂದ. "ಕುಂದ್ರಿ ಸರ್, ಕೇಳ್ರಿ" ಎಂದು ಹಚ್ಚಿದ. ಹಾರ್ಮೋನಿಯಂ ಅನ್ನು ಬಾವಿಯಲ್ಲಿ ಮುಳುಗಿಸಿ ನುಡಿಸಿದಂತಿತ್ತು. ನಡುನಡುವೆ ಎಲ್ಲಿಂದಲೋ ತಬಲಾ ಬೇರೆ!

"ಏನಿದು?" ಎಂದರು ಇವರು.

"ನಿಮ್ಮ ವೈರ್ ಲೂಸ್ ಇತ್ರಿ ಸರ್. ಎಂಟೂ ಹಾಡಿನಾಗ ಕರಕರ ಅಂತಿತ್ತು. ಹಿರ್ಯಾರಿಗಿ ಹೆಂಗ್ ಹೇಳ್ಬೇಕಂತ ಸುಮ್ಮಿದ್ದೆ. ನಿನ್ನಿ ಇಡೀ ದಿನ ಕುಂತು ಎಲ್ಲಾ ತೆಗದು ಸಾಫ್ ಮಾಡೀನ್ರಿ. ಖಾಲಿ ಅನಿಸಿದಲ್ಲಿ ತಬಲಾನೂ ಹಾಕೀನ್ರಿ."

"ಮದಲಿಂದು ಎಲ್ಲದ?"

"ಅದರ ಮ್ಯಾಲೇ ಸೇವ್ ಮಾಡೀನ್ರಿ."

ನನಗೆ ಮೈಯೆಲ್ಲ ಉರಿದುಹೋಯಿತು. "ಏ ತಮ್ಮಾ, ಆ ಕರಕರನೇ ಹಾಡೋ! ಮೂವತ್ತೆಂಟು ವರ್ಷ ಕೇಳೀನಿ, ನನಗ ಗೊತ್ತದ! ಒಂದ್ ಮಾತು ಕೇಳ್ಲಿಕ್ಕೇನಾಗಿತ್ತು ನಿನಗ?" ಎಂದು ಕೂಗಾಡಿದೆ. ಶರಣಪ್ಪನ ಮುಖ ಬಿಳಿಚಿಕೊಂಡಿತು. ಇವರು ಬೈಯಲೂ ಇಲ್ಲ. ಬೆರಳನ್ನು ಒಮ್ಮೆ ಮಡಚಿ ಬಿಡಿಸಿಕೊಂಡು, ಗಿಟಾರ್ ತೊಡೆಯ ಮೇಲಿಟ್ಟುಕೊಂಡರು.

"ಬೆರಳ ಮುರಕೋತೀರೇನ್ರಿ?" ಎಂದೆ.

"ಸೋಮವಾರ ಹೆಂಗಿದ್ರೂ ಕೊಯ್ತಾರಲ್ಲ."

ಮಧ್ಯಾಹ್ನ ಬರಬೇಕಿದ್ದ ಭಜನಾ ಮಂಡಳಿಗೆ ಶರಣಪ್ಪ ಫೋನ್ ಮಾಡಿ ಬೇಡವೆಂದ. ಬೆರಳು ಈಗ ಎರಡು ಮೂರು ಸಾಲಿಗೊಮ್ಮೆ ಸಿಕ್ಕಿಕೊಳ್ಳುತ್ತಿತ್ತು. ಅದನ್ನು ಬಿಡಿಸಲು ಇವರು ಬಲಗೈ ತೆಗೆದರೆ ನುಡಿಸಾಣಿಕೆಯೇ ನಿಂತುಹೋಗುತ್ತಿತ್ತು. ನಾನೇ ಎಡಕ್ಕೆ ಸ್ಟೂಲ್ ಹಾಕಿಕೊಂಡು ಕೂತೆ, ಸಿಕ್ಕಿಕೊಂಡಾಗ ಎಳೆಯಲು.

"ಬಳಿ ಸಪ್ಪಳ ಬರ್ತದ. ತೆಗದಿಡು" ಎಂದರು.

"ನೀವಿರೂತನಕ ತೆಗ್ಯಾಂಗಿಲ್ಲ. ಬೇಕಾದ್ರ ಬಾರಸ್ರಿ, ಇಲ್ಲಂದ್ರ ಏಳ್ರಿ."

ಶರಣಪ್ಪನೇ ಓಡಿಬಂದು ನನ್ನ ಬಳೆಗಳ ಮೇಲೆ ಟವೆಲ್ ಸುತ್ತಿ ಕಟ್ಟಿದ.

ಮೊದಲ ಎರಡು ಹಾಡಿನಲ್ಲಿ ಬೆರಳು ಸಿಕ್ಕಾಗ ನಿಲ್ಲಿಸಿ, ಬಿಡಿಸಿಕೊಂಡು, ಮತ್ತೆ ಶುರುಮಾಡಿದರು. ಮೂರನೆಯದರಲ್ಲಿ ನಿಲ್ಲಿಸಲು ಅವರಿಗೆ ಮನಸ್ಸು ಬರಲಿಲ್ಲ. ಬೆರಳು ಸಿಕ್ಕಿತು, ದನಿ ಕಡಿಯಿತು. ಎಳಿ ಎಂದು ಕಣ್ಣಲ್ಲೇ ಹೇಳಿದರು. ಎಳೆದೆ. ಅವರ ಕಣ್ಣಲ್ಲಿ ನೀರು ಬಂತು, ಆದರೂ ಮುಂದಿನ ಸಾಲನ್ನು ಹಿಡಿದೇಬಿಟ್ಟರು. ನಾಲ್ಕನೇ ಹಾಡು ಮುಗಿದ ಮೇಲೆ ಬೆರಳು ನಾನು ಎಳೆದರೂ ಬಿಡಲಿಲ್ಲ.

"ಸಾಕು" ಎಂದರು. ಎಂಟು ಹಾಡಿನ ಆಲ್ಬಂ ನಾಲ್ಕಕ್ಕೆ ಮುಗಿಯಿತು.

ಆಪರೇಷನ್ ಆಯಿತು. ಬೆರಳು ನೆಟ್ಟಗಾಗಿದೆ, ನೋವಿಲ್ಲ, ಆದರೆ ತಂತಿಯನ್ನು ಒತ್ತಿ ಹಿಡಿಯುವ ಬಲ ಬರಲೇ ಇಲ್ಲ. ಗಿಟಾರ್ ಈಗ ಅಲಮಾರಿಯ ಮೇಲಿದೆ. ಆಲ್ಬಂ ಇಂಟರ್ನೆಟ್ಟಿನಲ್ಲಿದೆ. ಮೂರನೇ ಹಾಡಿನ ನಡುವೆ ಬರುವ ಮೌನ ಅದ್ಭುತವೆಂದು ಯಾರೋ ಅದರ ಕೆಳಗೆ ಬರೆದಿದ್ದಾರೆ. ಇವರು ಬಂದವರಿಗೆಲ್ಲ ಅದನ್ನು ಓದಿ ಹೇಳುತ್ತಾರೆ, ತಾವೇ ಲೆಕ್ಕ ಹಾಕಿ ಇಟ್ಟ ಮೌನವೆಂಬಂತೆ! ಕೇಳಿ ಕೇಳಿ ನನಗೆ ಸಾಕಾಗಿದೆ.

ಹೋದ ನಾಲ್ಕು ಹಾಡು ನೆನಪಾದರೆ ಶರಣಪ್ಪನ ಮೇಲೆ ಇಂದಿಗೂ ಸಿಟ್ಟು ಬರುತ್ತದೆ. ಹೇಳಿದ ಮಾತು ಕೇಳದ ಇವರ ಮೇಲೆ ಅದಕ್ಕಿಂತ ಹೆಚ್ಚು. ಆದರೆ ಇವರು ಆ ಮೂರನೇ ಹಾಡು ಹಚ್ಚಿಕೊಂಡು ಕೂತಾಗ, ನಾನು ಸೊಪ್ಪು ಸೋಸುತ್ತಿರಲಿ, ಪೇಪರ್ ಓದುತ್ತಿರಲಿ, ದನಿ ಕಡಿಯುವ ಆ ಜಾಗ ಬಂದರೆ ನನ್ನ ಕೈ ತಾನಾಗಿಯೇ ಅವರ ಬೆರಳಿನ ಕಡೆ ಹೋಗುತ್ತದೆ.